ಕಂಪನಿ ಬಂದರೆ ಲೆಕ್ಕ ಕೇಳುವವರು ಯಾರು?

ಕುದುರೆಮುಖದಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ರೈತರು ಕಲಿಯಬೇಕಾದ ಪಾಠ

ನಮ್ಮ ಮೂರು ತಾಲ್ಲೂಕುಗಳ ಅಡಿಕೆ ತೋಟಗಳ ಪರಿಸ್ಥಿತಿಯನ್ನು ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ಬಡಕಲು ಮಾಡುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಅದರ ಜೊತೆ ಸೇರಿಕೊಂಡಿದೆ. ಮಳೆಗಾಲದಲ್ಲಿ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯುವವರು ಸಿಗುವುದು ಕಷ್ಟವಾಗಿದೆ. ಓದಿದ ಮಕ್ಕಳು ಬೆಂಗಳೂರು ಸೇರಿದ್ದಾರೆ. ಗದ್ದೆ ಬೀಳು ಬಿದ್ದಿದೆ.

ಇಂತಹ ಹೊತ್ತಿನಲ್ಲಿ ಊರಿಗೆ ಯಾವುದಾದರೊಂದು ಕಂಪನಿ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಜನ ಎರಡು ಪಾಲಾಗುವುದು ಸಹಜ. ಅದು ರೆಸಾರ್ಟ್ ಇರಬಹುದು, ಕಿರು ಜಲವಿದ್ಯುತ್ ಯೋಜನೆ ಇರಬಹುದು, ಕಲ್ಲು ಕ್ವಾರಿ ಇರಬಹುದು, ಕಾರ್ಖಾನೆ ಇರಬಹುದು. ಕೆಲಸ ಸಿಗುತ್ತದೆ, ರಸ್ತೆಯಾಗುತ್ತದೆ, ಭೂಮಿಗೆ ಬೆಲೆ ಬರುತ್ತದೆ ಎಂದು ಒಂದು ಪಾಲು ಹೇಳುತ್ತದೆ. ಹೊಳೆ ಕೆಡುತ್ತದೆ, ಬೆಟ್ಟ ಕುಸಿಯುತ್ತದೆ ಎಂದು ಇನ್ನೊಂದು ಪಾಲು ಹೇಳುತ್ತದೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ಬೇಕೋ ಬೇಡವೋ ಎಂಬ ಜಗಳದ ಗದ್ದಲದಲ್ಲಿ ಮೂರನೆಯ ಪ್ರಶ್ನೆಯೊಂದು ಮುಚ್ಚಿಹೋಗುತ್ತದೆ. ಕಂಪನಿ ಏನು ಕೊಡುತ್ತೇನೆ ಎಂದಿತು, ಏನು ಕೊಟ್ಟಿತು, ಏನನ್ನು ಕೆಡಿಸಿತು ಎಂಬ ಲೆಕ್ಕವನ್ನು ಊರಿನವರು ಇಟ್ಟುಕೊಂಡಿದ್ದಾರೆಯೇ? ಲೆಕ್ಕ ಇಟ್ಟವರಿಗೆ ಮಾತ್ರ ಲೆಕ್ಕ ಕೇಳುವ ಅಧಿಕಾರವಿರುತ್ತದೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆಯಿದೆ.

ಭದ್ರೆಯ ತಲೆಯ ಮೇಲಿನ ಗಣಿ

ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ಹರಿಹರಪುರಗಳನ್ನು ಹಾದು ತೀರ್ಥಹಳ್ಳಿಯ ಕಡೆ ಹೋಗುತ್ತಾಳೆ. ಭದ್ರೆ ಕುದುರೆಮುಖ, ಕಳಸಗಳನ್ನು ಹಾದು ಬಾಳೆಹೊನ್ನೂರಿಗೆ ಬಂದು, ನರಸಿಂಹರಾಜಪುರದ ಬಳಿ ಲಕ್ಕವಳ್ಳಿ ಜಲಾಶಯದ ಹಿನ್ನೀರಾಗುತ್ತಾಳೆ.

ಇಂದಿನ ಕಳಸ ತಾಲ್ಲೂಕಿನ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ ಎಂಬುದು 20ನೇ ಶತಮಾನದ ಆರಂಭದಲ್ಲೇ ಗೊತ್ತಾಗಿತ್ತು. 1969ರಲ್ಲಿ 30 ವರ್ಷಗಳ ಗಣಿ ಗುತ್ತಿಗೆ ಆಯಿತು. 1975ರಲ್ಲಿ ಅದಿರು ಕೊಳ್ಳುವ ಬಗ್ಗೆ ಇರಾನ್ ದೇಶದೊಡನೆ ಒಪ್ಪಂದವಾಗಿ, 1976ರಲ್ಲಿ ಕೇಂದ್ರ ಸರ್ಕಾರದ ಉದ್ಯಮವಾಗಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಗಣಿ ಉತ್ಪಾದನೆಗೆ ಸಿದ್ಧವಾಗುವ ವೇಳೆಗೆ ಕೊಳ್ಳಬೇಕಾದವನೇ ಹಿಂದೆ ಸರಿದಿದ್ದ. ಒಬ್ಬನೇ ಗಿರಾಕಿಯನ್ನು ನಂಬಿ ಹೂಡಿದ ಬಂಡವಾಳದ ಪಾಡು ಏನಾಗುತ್ತದೆಂಬುದಕ್ಕೆ ಇದೇ ಸಾಕ್ಷಿ. ಮುಂದೆ ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಂಡಿತು.

ಕುದುರೆಮುಖದ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಸುಮಾರು ಮೂರು ಟನ್ ಅದಿರು ಅಗೆದು, ಅರೆದು, ತೊಳೆದರೆ ಒಂದು ಟನ್ ಸಾರ ಸಿಗುತ್ತಿತ್ತು. ವರ್ಷಕ್ಕೆ 75 ಲಕ್ಷ ಟನ್ ಸಾರ ತೆಗೆಯುವ ಸಾಮರ್ಥ್ಯದ ಸ್ಥಾವರವದು. ಉಳಿದ ಮಣ್ಣನ್ನು ತಡೆಯಲು ಲಖ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಸಾರವನ್ನು ನೀರಿನೊಡನೆ ಬೆರೆಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಅದನ್ನು ಉಂಡೆ ಕಟ್ಟುವ ಕಾರ್ಖಾನೆಯೂ ಮಂಗಳೂರಿನಲ್ಲೇ ಆಯಿತು, ಹಡಗು ಹತ್ತಿಸುವ ಬಂದರೂ ಅಲ್ಲಿಯದೇ.

ಈಗ ರೈತನ ಲೆಕ್ಕದಲ್ಲಿ ನೋಡೋಣ. ಸಾರ ಘಟ್ಟ ಇಳಿದು ಪಶ್ಚಿಮಕ್ಕೆ ಹೋಯಿತು. ರಾಯಧನ ರಾಜ್ಯದ ಬೊಕ್ಕಸಕ್ಕೆ ಹೋಯಿತು. ಲಾಭ ದೆಹಲಿಗೆ ಹೋಯಿತು. ವರ್ಷಕ್ಕೆ 6 ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಬೆಟ್ಟವನ್ನು ಬೋಳು ಮಾಡಿದ್ದರಿಂದ ಎದ್ದ ಮಣ್ಣು ಮಾತ್ರ ಹೊಳೆ ಹಿಡಿದು ಪೂರ್ವಕ್ಕೆ, ಅಂದರೆ ಭದ್ರೆಯ ದಂಡೆಯ ರೈತನ ಕಡೆಗೆ ಬಂತು. ಗಣಿ ಇದ್ದದ್ದು ಬೇರೆ ತಾಲ್ಲೂಕಿನಲ್ಲಿ. ಆದ್ದರಿಂದ ಕೆಳಗಿನ ಊರಿನವರು ಆ ಯೋಜನೆಯ ಕಾಗದಪತ್ರಗಳಲ್ಲಿ ಎಲ್ಲಿಯೂ ಪಾಲುದಾರರಾಗಲಿಲ್ಲ. ಯೋಜನೆಯ ಗಡಿಯನ್ನು ಕಂದಾಯ ಇಲಾಖೆಯ ನಕ್ಷೆ ಗೊತ್ತುಮಾಡಿತ್ತು. ನಷ್ಟದ ಗಡಿಯನ್ನು ಹೊಳೆ ಗೊತ್ತುಮಾಡಿತು.

ಲೆಕ್ಕ ಕೇಳಿದ್ದು ಹೇಗೆ?

ಗಣಿಯ ಗುತ್ತಿಗೆ 1999ರ ಜುಲೈನಲ್ಲಿ ಮುಗಿಯಿತು. ಆ ಹೊತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಿತ್ತು. ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲು 1987ರಲ್ಲಿ ಮೊದಲ ಪ್ರಕಟಣೆ ಹೊರಟು, 2001ರಲ್ಲಿ ಅಂತಿಮ ಪ್ರಕಟಣೆಯಾಯಿತು. ಕಂಪನಿ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಮುಂದುವರಿಸಿತು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದು, ಗಣಿಗಾರಿಕೆಯನ್ನು 2005ರ ಕೊನೆಗೆ ನಿಲ್ಲಿಸಬೇಕಾಯಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇಲ್ಲಿ ಎರಡು ಸಂಗತಿಗಳು ಗಮನಿಸತಕ್ಕವು. ಒಂದು, ಗುತ್ತಿಗೆಯ ಪತ್ರದಲ್ಲಿ ಕೊನೆಯ ದಿನಾಂಕವಿತ್ತು. ದಿನಾಂಕವಿದ್ದುದರಿಂದಲೇ ಅದು ಮುಗಿದಾಗ ಪ್ರಶ್ನೆ ಕೇಳಲು ಆಸ್ಪದವಾಯಿತು. ಎರಡು, ಹೊಳೆಯ ನೀರಿನಲ್ಲಿ ಬರುವ ಹೂಳನ್ನು ಸಂಶೋಧಕರು ಅಳೆದಿದ್ದರು. ಜಲಾನಯನ ಪ್ರದೇಶದಲ್ಲಿ ಗಣಿಯ ವಿಸ್ತೀರ್ಣ ಅತಿ ಸಣ್ಣ ಪಾಲು. ಹೂಳಿನಲ್ಲಿ ಅದರ ಪಾಲು ಬಹು ದೊಡ್ಡದು ಎಂದು ಅಳತೆಯಿಂದ ತೋರಿಸಲು ಸಾಧ್ಯವಾಯಿತು. ಹೊಳೆ ಕೆಂಪಾಗಿದೆ ಎಂದು ದಂಡೆಯ ಜನ ವರ್ಷಗಟ್ಟಲೆ ಹೇಳಿದ್ದು ದೂರು ಮಾತ್ರ ಆಗಿತ್ತು. ಅಳೆದು ಬರೆದಾಗ ಅದು ಸಾಕ್ಷಿಯಾಯಿತು.

ಆದರೆ ಅಳೆಯದೆ ಉಳಿದದ್ದೂ ಇದೆ. ಗಣಿಯ ಪಟ್ಟಣದಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕು, ಅಂಗಡಿ ಬೀದಿ ಎಲ್ಲವೂ ಬೆಳೆದಿದ್ದವು. ಗಣಿ ನಿಂತ ಮೇಲೆ ಪಟ್ಟಣ ಬರಿದಾಯಿತು. ಕಾಯಂ ನೌಕರರಿಗೆ ಕಂಪನಿಯ ಸೇವಾ ನಿಯಮಗಳಾದರೂ ಇದ್ದವು. ಆ ಪಟ್ಟಣಕ್ಕೆ ಹಾಲು, ತರಕಾರಿ ಹಾಕಿಕೊಂಡಿದ್ದವರು, ಲಾರಿ ಇಟ್ಟವರು, ಗುತ್ತಿಗೆ ಕೂಲಿಗೆ ಹೋಗುತ್ತಿದ್ದವರು ಇವರಿಗೆ ತೋರಿಸಲು ಯಾವ ಕಾಗದ ಇತ್ತು? ಕಾಡಿನ ಪರವಾಗಿ ವಾದಿಸಲು ಕಾಯ್ದೆಯಿತ್ತು, ಹೊಳೆಯ ಪರವಾಗಿ ಅಳತೆಯಿತ್ತು. ಸ್ಥಳೀಯ ಜೀವನೋಪಾಯದ ಪರವಾಗಿ ಮೊದಲೇ ಬರೆದಿಟ್ಟ ಷರತ್ತು ಇರಲಿಲ್ಲ. ಗಣಿ ನಿಂತದ್ದು ಹೊಳೆಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಆದರೆ ನಿಲ್ಲಿಸುವಾಗ ಏನು ಮಾಡಬೇಕೆಂಬುದನ್ನು ಆರಂಭಿಸುವಾಗಲೇ ಬರೆಸಬೇಕೆಂಬುದು ಕುದುರೆಮುಖ ನಮಗೆ ಕೊಟ್ಟಿರುವ ಪಾಠ.

ಹಾನಗಲ್ಲಿನವರು ಮಾಡಿದ್ದು

ಇನ್ನೊಂದು ಉದಾಹರಣೆ ಕಾಗದದ ಕಾರ್ಖಾನೆಗಳ ಕಚ್ಚಾವಸ್ತುವಿನದು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಅದರಲ್ಲಿ ಸರ್ಕಾರದ ಕಡೆಯ ಪಾಲು ಶೇಕಡ 51, ಹರಿಹರ ಪಾಲಿಫೈಬರ್ಸ್ ಪಾಲು ಶೇಕಡ 49. ನೀಲಗಿರಿ ಬೆಳೆಸಲು ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಕೊಡುವ ಯೋಜನೆಯದು. ಆ ಭೂಮಿ ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಜೊತೆಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಹರಡಿತ್ತು. ದನ ಮೇಯುವ, ಸೌದೆ, ಸೊಪ್ಪು ತರುವ ಜಾಗ ಕಂಪನಿಯ ತೋಪಾದರೆ ರೈತನ ಗೊಬ್ಬರದ ಗುಂಡಿಗೇ ಕೈ ಹಾಕಿದಂತೆ. ಸೊಪ್ಪಿನಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ ಎಂಬುದನ್ನು ತಿಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳಲ್ಲಿ ಸಹಿ ಸಂಗ್ರಹಿಸಿತು. ಮಂಡಲ ಪಂಚಾಯಿತಿಗಳಲ್ಲಿ ನಿರ್ಣಯಗಳಾದವು. ಡಾ. ಶಿವರಾಮ ಕಾರಂತರು ಮತ್ತು ಇತರರು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 1987ರಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಎರಡೂ ಉದಾಹರಣೆಗಳಲ್ಲಿ ಒಂದು ಸಾಮ್ಯವಿದೆ. ಕುದುರೆಮುಖದಲ್ಲಿ ಕಂಪನಿಯೇ ಸರ್ಕಾರದ್ದು, ಪಲ್ಪ್‌ವುಡ್‌ನಲ್ಲಿ ಸರ್ಕಾರ ದೊಡ್ಡ ಪಾಲುದಾರ. ಹೊಲದ ಫಸಲಿನಲ್ಲಿ ಬೇಲಿಗೂ ಪಾಲಿದ್ದರೆ ಕಾಯುವ ಕೆಲಸ ಊರಿನವರ ಮೇಲೆಯೇ ಬೀಳುತ್ತದೆ. ವ್ಯತ್ಯಾಸವೂ ಇದೆ. ಹಾನಗಲ್ಲಿನ ಕಡೆ ಜನ ಆರಂಭದಲ್ಲೇ ಎದ್ದರು, ಪಂಚಾಯಿತಿಯ ಪುಸ್ತಕದಲ್ಲಿ ತಮ್ಮ ಮಾತು ಬರೆಸಿದರು. ಏಳು ವರ್ಷಗಳಲ್ಲಿ ಫಲ ಕಂಡರು. ಭದ್ರೆಯ ದಂಡೆಯವರಿಗೆ ಉತ್ಪಾದನೆ ಶುರುವಾದ ಮೇಲೆ ಕಾಲು ಶತಮಾನ ಬೇಕಾಯಿತು.

ಕಾಯ್ದೆ ಕೊಟ್ಟಿರುವ ಆಯುಧಗಳು

ಕುದುರೆಮುಖದ ಗಣಿ ಬಂದಾಗ ಇಲ್ಲದ ಹಲವು ಅನುಕೂಲಗಳು ಇಂದು ಇವೆ. ಅವುಗಳನ್ನು ಬಳಸದಿದ್ದರೆ ತಪ್ಪು ನಮ್ಮದೇ.

ಮೊದಲನೆಯದು ಸಾರ್ವಜನಿಕ ವಿಚಾರಣೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಅವುಗಳಲ್ಲಿ ಬಹುಪಾಲಿಗೆ ವಿಚಾರಣೆಯೂ ನಡೆಯಬೇಕು. ವಿಚಾರಣೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಅದು ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಸಭೆಯಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಹೀಗಿರುವಾಗ ಸಭೆಯಲ್ಲಿ ಕೂಗಾಡಿ ಹೊರಗೆ ಬರುವುದಕ್ಕಿಂತ, ತಮ್ಮ ಪ್ರಶ್ನೆಯನ್ನು ಬರೆದು ಕೊಟ್ಟು, ಅದು ನಡಾವಳಿಯಲ್ಲಿ ಸೇರಿತೇ ಎಂದು ಕೊನೆಯವರೆಗೆ ಕುಳಿತು ನೋಡುವುದು ಲೇಸು. ಅಧ್ಯಯನ ಸಾಮಾನ್ಯವಾಗಿ ಯೋಜನೆಯ ಸುತ್ತ 10 ಕಿಲೋಮೀಟರ್ ಫಾಸಲೆಗೆ ಸೀಮಿತವಾಗಿರುತ್ತದೆ. ಹೊಳೆಯ ಕೆಳಗಿನವರು ಇದನ್ನು ಎತ್ತಿ ತೋರಿಸಬೇಕು.

ಎರಡನೆಯದು, ಅನುಮತಿ ಸಿಕ್ಕ ಮೇಲಿನ ಷರತ್ತುಗಳು. ಷರತ್ತುಗಳ ಪಾಲನೆ ಹೇಗಾಗಿದೆ ಎಂದು ಕಂಪನಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ.

ಮೂರನೆಯದು, ಸಣ್ಣ ಯೋಜನೆಗಳಿಗೆ ಸಂಬಂಧಿಸಿದ್ದು. ನಮ್ಮ ತಾಲ್ಲೂಕುಗಳಿಗೆ ಬರುವ ಬಹಳಷ್ಟು ಉದ್ಯಮಗಳು ಆ ದೊಡ್ಡ ಪಟ್ಟಿಗೆ ಸೇರುವುದಿಲ್ಲ. 25 ಮೆಗಾವಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿಯೇ ಬೇಕಿಲ್ಲ. ಆದ್ದರಿಂದ ವಿಚಾರಣೆಯೂ ಇಲ್ಲ. ಅರಣ್ಯಭೂಮಿ ಬೇಕಾದರೆ ಮಾತ್ರ ಅರಣ್ಯ ಕಾಯ್ದೆಯ ಅನುಮತಿ ಬೇಕಾಗುತ್ತದೆ. ಇಂತಹ ಕಡೆ ಎರಡು ಬಾಗಿಲುಗಳು ಮುಖ್ಯ. ಒಂದು ಗ್ರಾಮ ಪಂಚಾಯಿತಿ: ಅದರ ವ್ಯಾಪ್ತಿಯಲ್ಲಿ ಕಾರ್ಖಾನೆ ಕಟ್ಟಲು, ಯಂತ್ರ ಸ್ಥಾಪಿಸಲು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಪಂಚಾಯಿತಿಯ ಅನುಮತಿ ಬೇಕು. ಇನ್ನೊಂದು ಮಾಲಿನ್ಯ ನಿಯಂತ್ರಣ ಮಂಡಳಿ: ಕೊಳೆ ನೀರು ಬಿಡುವವರಿಗೆ ಮಂಡಳಿ ಹಾಕಿದ ಷರತ್ತುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಅದರಿಂದ ಬಾಧಿತರಾದ ಯಾರು ಬೇಕಾದರೂ ಅದನ್ನು ನೋಡಬಹುದು. ಇದು 1974ರ ಜಲ ಕಾಯ್ದೆಯಲ್ಲೇ ಇದೆ. ಆದರೂ ಹೋಗಿ ನೋಡುವವರು ವಿರಳ.

ನಾಲ್ಕನೆಯದು ಮಾಹಿತಿ ಹಕ್ಕು. 2005ರ ಕಾಯ್ದೆಯಂತೆ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ಅರ್ಜಿಯಲ್ಲಿ ದೂರು ಬರೆಯಬಾರದು, ದಾಖಲೆ ಕೇಳಬೇಕು. “ಹೊಳೆ ಏಕೆ ಕೆಟ್ಟಿದೆ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. “ಇಂಥ ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರದ ನಕಲು, ಕಳೆದ ಮೂರು ವರ್ಷಗಳ ನೀರಿನ ಪರೀಕ್ಷಾ ವರದಿಗಳ ನಕಲು ಕೊಡಿ” ಎಂದು ಕೇಳಿದರೆ ಕೊಡಲೇಬೇಕು.

ಐದನೆಯದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ದಕ್ಷಿಣದ ಪೀಠ ಚೆನ್ನೈನಲ್ಲಿದೆ. ಪರಿಸರ ಅನುಮತಿಯನ್ನು ಪ್ರಶ್ನಿಸುವುದಾದರೆ 30 ದಿನಗಳೊಳಗೆ ಹೋಗಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ಇತರ ವಿವಾದಗಳಿಗೆ ಆರು ತಿಂಗಳು, ನಷ್ಟ ಪರಿಹಾರಕ್ಕೆ ಐದು ವರ್ಷ. ಅವಧಿ ಮೀರಿದ ಮೇಲೆ ಎಷ್ಟು ನ್ಯಾಯವಿದ್ದರೂ ಪ್ರಯೋಜನವಿಲ್ಲ. ವಕೀಲರ ಖರ್ಚು ಭರಿಸಲಾಗದ ಮಹಿಳೆಯರು, ಪರಿಶಿಷ್ಟರು, ಕಡಿಮೆ ವರಮಾನದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು.

ದಾನ ಬೇರೆ, ಬಾಕಿ ಬೇರೆ

ಈಚೆಗೆ ಕಂಪನಿಗಳು ಶಾಲೆಗೆ ಬೆಂಚು, ಆಸ್ಪತ್ರೆಗೆ ಯಂತ್ರ ಕೊಟ್ಟ ಸುದ್ದಿಗಳು ಬರುತ್ತಿರುತ್ತವೆ. 2013ರ ಕಂಪನಿ ಕಾಯ್ದೆಯಂತೆ, ಒಂದು ವರ್ಷದಲ್ಲಿ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಆದ್ದರಿಂದ ಆ ಬೆಂಚು ಉಪಕಾರವೆಂದು ಕೈಮುಗಿಯಬೇಕಾಗಿಲ್ಲ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು. ಈ ಹಣ ಹೊಳೆ ಕೆಡಿಸಿದ್ದಕ್ಕೆ ಪರಿಹಾರವಲ್ಲ. ತೋಟಕ್ಕೆ ರಾಡಿ ನುಗ್ಗಿದರೆ ಅದರ ನಷ್ಟ ಕಟ್ಟಿಕೊಡುವುದು ಬೇರೆ ಬಾಕಿ. ದೇವಸ್ಥಾನಕ್ಕೆ ಮಂಟಪ ಕಟ್ಟಿಸಿಕೊಟ್ಟರೆಂದು ಆ ಬಾಕಿಯನ್ನು ಬಿಟ್ಟುಕೊಡಬಾರದು. ಗಣಿಗಳ ವಿಷಯದಲ್ಲಂತೂ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಏರ್ಪಾಡು ಬಂದಿದ್ದು, ಗುತ್ತಿಗೆದಾರರು ರಾಯಧನದ ಜೊತೆಗೆ ಗೊತ್ತಾದ ಪಾಲನ್ನು ಬಾಧಿತ ಪ್ರದೇಶಕ್ಕೆಂದು ಕಟ್ಟಬೇಕು. ಕುದುರೆಮುಖದ ಕಾಲದಲ್ಲಿ ಇದು ಇದ್ದಿದ್ದರೆ ಕಳಸದ ಕಥೆ ಸ್ವಲ್ಪವಾದರೂ ಬೇರೆಯಾಗುತ್ತಿತ್ತು.

ಹೊರದೇಶಗಳಲ್ಲಿ ಇದಕ್ಕಿಂತ ಮುಂದೆ ಹೋಗಿರುವುದುಂಟು. 2001ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ದೊಡ್ಡ ಕಟ್ಟಡ ಯೋಜನೆಯೊಂದರ ಕಂಪನಿ ಸುತ್ತಲಿನ ನಿವಾಸಿಗಳ ಸಂಘಗಳೊಡನೆ ಬರಹದ ಒಪ್ಪಂದ ಮಾಡಿಕೊಂಡಿತು. ಸ್ಥಳೀಯರಿಗೆ ಕೆಲಸ, ಕೂಲಿಯ ಮಟ್ಟ, ಬಡವರ ಮನೆಗಳು, ಉದ್ಯಾನಕ್ಕೆ ಹಣ ಎಲ್ಲಕ್ಕೂ ಗುರಿ ಬರೆದರು. ಅಲ್ಲಿಯ ಸಂಘಗಳು ಒಟ್ಟಾಗಿ ಹೋದದ್ದರಿಂದ ಅದು ಸಾಧ್ಯವಾಯಿತು. ಒಟ್ಟಾಗುವ ವಿದ್ಯೆ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. 1939ರಲ್ಲಿ ಮಾಮ್ಕೋಸ್, 1973ರಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡದ್ದು ಒಬ್ಬೊಬ್ಬರಾಗಿ ಮಂಡಿಗೆ ಹೋದರೆ ಬೆಲೆ ಸಿಗದೆಂಬ ಅನುಭವದಿಂದಲೇ.

ನಮ್ಮದೇ ಅಳತೆ ಬೇಕು

ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಆ ರೂಢಿಯ ಬೆಲೆ ಈಗ ಹೆಚ್ಚಿದೆ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯನ್ನೇ ನೋಡಿ. ಅಲ್ಲಿ ವಿಮಾ ಕಂಪನಿ ತೋಟ ನೋಡಿ ಹಣ ಕೊಡುವುದಿಲ್ಲ. ಮಳೆಮಾಪನ ಯಂತ್ರದ ಅಂಕಿಯನ್ನು ನೋಡಿ ಕೊಡುತ್ತದೆ. ಯಂತ್ರ ಕೆಟ್ಟಿದ್ದರೆ, ಮಳೆಯನ್ನು ತಪ್ಪಾಗಿ ತೋರಿಸಿದರೆ, ನಮ್ಮ ಕೈಯಲ್ಲಿ ಬೇರೆ ಅಂಕಿಯಿಲ್ಲದೆ ಜಗಳ ಮಾಡಿ ಫಲವೇನು?

ಹೊಳೆ, ಹಳ್ಳದ ವಿಷಯವೂ ಹೀಗೆಯೇ. ಯಾವುದೇ ಉದ್ಯಮ ಬರುವ ಮುನ್ನ ಕನಿಷ್ಠ ಒಂದು ವರ್ಷದ ಸ್ಥಿತಿಯನ್ನು ಬರೆದಿಡಬೇಕು. ಬೇಸಿಗೆಯಲ್ಲಿ ಬಾವಿಯ ನೀರಿನ ಮಟ್ಟ ಎಷ್ಟು ಅಡಿ, ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ, ಮಳೆಗಾಲದಲ್ಲಿ ಒಂದು ಸೀಸೆ ನೀರನ್ನು ಒಂದು ದಿನ ಅಲುಗಿಸದೆ ಇಟ್ಟರೆ ತಳದಲ್ಲಿ ಎಷ್ಟು ಮಣ್ಣು ನಿಲ್ಲುತ್ತದೆ, ಗದ್ದೆಯ ಇಳುವರಿ ಎಷ್ಟು ಎಂಬ ನಾಲ್ಕು ಅಂಕಿಗಳು ಸಾಕು. ಇದಕ್ಕೆ ಹೈಸ್ಕೂಲು ಓದಿದ ಹುಡುಗ ಹುಡುಗಿಯರೇ ಸಾಕು. ಸೀಸೆಯ ಅಳತೆ ಪ್ರಯೋಗಶಾಲೆಯ ವರದಿಗೆ ಸಮನಲ್ಲ, ನಿಜ. ಆದರೆ ವರ್ಷದಿಂದ ವರ್ಷಕ್ಕೆ ಏನು ಬದಲಾಯಿತೆಂದು ತೋರಿಸಿ, ಮಂಡಳಿಯವರು ಬಂದು ಪರೀಕ್ಷಿಸಲೇಬೇಕೆಂದು ಒತ್ತಾಯಿಸಲು ಅದು ಸಾಕು. ಕಾಫಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ನಮ್ಮವರೂ ಈ ಲೆಕ್ಕದಿಂದ ಹೊರತಲ್ಲ. ನಮ್ಮ ಮನೆಯ ಲೆಕ್ಕ ಸರಿಯಿದ್ದರೆ ಪರರನ್ನು ಕೇಳುವ ಬಾಯಿಗೆ ಬಲ ಬರುತ್ತದೆ.

ಗ್ರಾಮಸಭೆಯಲ್ಲಿ ಬರೆಸಬೇಕಾದ ಮಾತುಗಳು

ಉದ್ಯಮವೊಂದು ಬರುವುದೆಂದು ತಿಳಿದ ಕೂಡಲೇ ಗ್ರಾಮಸಭೆಯಲ್ಲಿ ಈ ಕೆಳಗಿನವುಗಳನ್ನು ನಿರ್ಣಯವಾಗಿ ಬರೆಸಿ, ಅನುಮತಿಯ ಷರತ್ತುಗಳಲ್ಲಿ ಸೇರಿಸುವಂತೆ ಕೇಳಬೇಕು.

1. ಎಷ್ಟು ಕೆಲಸ, ಎಂಥ ಕೆಲಸ, ಎಷ್ಟು ವರ್ಷಕ್ಕೆ. ಕಾಯಂ ಎಷ್ಟು, ಗುತ್ತಿಗೆ ಎಷ್ಟು. “ಸ್ಥಳೀಯರು” ಎಂದರೆ ಯಾವ ಪಂಚಾಯಿತಿಗಳವರು.

2. ನೀರು ಎಲ್ಲಿಂದ, ದಿನಕ್ಕೆ ಎಷ್ಟು. ಬೇಸಿಗೆಯಲ್ಲಿ ಹಳ್ಳದಲ್ಲಿ ಕನಿಷ್ಠ ಎಷ್ಟು ನೀರು ಬಿಡಬೇಕು.

3. ಹಾಲು, ತರಕಾರಿ, ಅಕ್ಕಿ, ಜೇನು, ಸಾಗಣೆ ಇವುಗಳಲ್ಲಿ ಎಷ್ಟು ಪಾಲು ಊರಿನ ಸಂಘಗಳಿಂದ ಕೊಳ್ಳುತ್ತಾರೆ.

4. ಪಂಚಾಯಿತಿಗೆ ಬರಬೇಕಾದ ತೆರಿಗೆ ಎಷ್ಟು, ಯಾವ ದಿನಾಂಕಕ್ಕೆ.

5. ಹೊಳೆಯ ಕೆಳಗಿನ ಪಂಚಾಯಿತಿಗಳಿಗೂ ವರದಿಯ ನಕಲು.

6. ಉದ್ಯಮ ನಿಂತರೆ ಗುಂಡಿ ಮುಚ್ಚುವವರು ಯಾರು, ಕೆಲಸ ಕಳೆದುಕೊಂಡವರಿಗೆ ಏನು, ಅದಕ್ಕೆ ಠೇವಣಿ ಎಷ್ಟು.

ವರ್ಷಕ್ಕೆ ಎರಡು ಬಾರಿಯಾದರೂ ಗ್ರಾಮಸಭೆ ಸೇರಲೇಬೇಕು. ಪ್ರತಿ ಸಭೆಯಲ್ಲೂ ಈ ಆರು ಬಾಬುಗಳನ್ನು ಒಂದೊಂದಾಗಿ ಓದಿ, ಆಗಿದೆ ಅಥವಾ ಆಗಿಲ್ಲ ಎಂದು ನಡಾವಳಿಯಲ್ಲಿ ನಮೂದಿಸಿ, ನಕಲನ್ನು ತಾಲ್ಲೂಕು ಪಂಚಾಯಿತಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಬೇಕು. ಷರತ್ತು ಕೇಳಿದರೆ ಕಂಪನಿ ಓಡಿಹೋಗುತ್ತದೆ ಎಂದು ಹೆದರಿಸುವವರು ಇರುತ್ತಾರೆ. ತಾನೇ ಹೇಳಿದ ಮಾತನ್ನು ಬರೆದುಕೊಡಲು ಒಪ್ಪದ ಕಂಪನಿ, ಬಂದ ಮೇಲೆ ಆ ಮಾತನ್ನು ನಡೆಸಿಕೊಡುತ್ತದೆಂದು ನಂಬುವುದು ಹೇಗೆ? ಬರೆದುಕೊಡಲು ಸಿದ್ಧವಿರುವ ಉದ್ಯಮವನ್ನು ಊರಿನವರು ಸಂತೋಷದಿಂದ ಬರಮಾಡಿಕೊಳ್ಳಬಹುದು.